ಚಿಕ್ ಚಾಕೊಲೇಟ್: ಸಿನಿಮಾ ಹಾಡಿಗೆ ಜಾಜ್ ತಂದ ಗೋವಾದ ಟ್ರಂಪೆಟ್

ಮಕ್ಕಳೇ, ನಿಮ್ಮಲ್ಲಿ ಕೆಲವರು ಶಾಲೆಯ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುತ್ತೀರಿ. ಅಜ್ಜಿ ತಾತ ಊರಿಂದ ಬಂದಾಗ ಮನೆಯಲ್ಲಿ ಹಳೆಯ ಹಿಂದಿ ಹಾಡುಗಳೂ ಕೇಳಿಬರುತ್ತವೆ. ನಿಮ್ಮ ಟ್ರಂಪೆಟ್ಟಿಗೂ ಅವರ ಹಾಡಿಗೂ ಹತ್ತಿರದ ನಂಟಿದೆ. ಆ ನಂಟು ಬೆಸೆದವರಲ್ಲಿ ಒಬ್ಬರು ಚಿಕ್ ಚಾಕೊಲೇಟ್.

ನಿಜವಾದ ಹೆಸರು ಆಂಟೋನಿಯೊ ಶಾವಿಯರ್ ವಾಜ್. ಹುಟ್ಟಿದ್ದು 1916ರಲ್ಲಿ, ಗೋವಾದ ಅಲ್ದೋನಾ ಎಂಬ ಊರಿನಲ್ಲಿ. ನಮ್ಮ ಕಾರವಾರದಿಂದ ಗಡಿ ದಾಟಿದರೆ ಸಿಗುವ ಗೋವಾದಲ್ಲಿ ಆಗ ಪೋರ್ಚುಗೀಸರ ಆಡಳಿತ. ಅಲ್ಲಿನ ಚರ್ಚ್ ಶಾಲೆಗಳಲ್ಲಿ ಮಕ್ಕಳಿಗೆ ಪಾಶ್ಚಾತ್ಯ ಸ್ವರಲಿಪಿ ಓದುವುದನ್ನು, ಪಿಟೀಲು ನುಡಿಸುವುದನ್ನು ಕಲಿಸುತ್ತಿದ್ದರು. ಆ ವಿದ್ಯೆಯನ್ನೇ ನಂಬಿ ಎಷ್ಟೋ ಯುವಕರು ಬೊಂಬಾಯಿಗೆ ಹೊರಟರು.

ಅಷ್ಟರಲ್ಲಿ ಅಮೆರಿಕದಲ್ಲಿ ಹುಟ್ಟಿದ ಜಾಜ್ ಸಂಗೀತ ಬೊಂಬಾಯಿಗೂ ಬಂದಿತ್ತು. 1935ರಲ್ಲಿ ಲಿಯಾನ್ ಆ್ಯಬಿ ಎಂಬ ಆಫ್ರಿಕನ್-ಅಮೆರಿಕನ್ ಪಿಟೀಲುಗಾರ ತಮ್ಮ ತಂಡದೊಂದಿಗೆ ತಾಜ್ ಮಹಲ್ ಹೋಟೆಲಿನಲ್ಲಿ ನುಡಿಸಿದ್ದರು. ಅಂಥ ಕಲಾವಿದರನ್ನು ನೋಡಿ, ಕೇಳಿ ಗೋವಾದ ಹುಡುಗರು ಜಾಜ್ ಕಲಿತರು. ಚಿಕ್ ಅವರ ಆರಾಧ್ಯದೈವ ಅಮೆರಿಕದ ಜಾಜ್ ಟ್ರಂಪೆಟ್ ವಾದಕ, ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್. ಅವರಂತೆಯೇ ನುಡಿಸಿ, ಅವರಂತೆಯೇ ಹಾಡಿ, ಕೊನೆಗೆ ‘ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್’ ಎಂದೇ ಚಿಕ್ ಹೆಸರಾದರು. ತಾಜ್ ಹೋಟೆಲಿನಲ್ಲೂ ಅವರ ತಂಡ ನುಡಿಸಿತು.

ಹೋಟೆಲಿನ ಸಂಗೀತಗಾರ ಸಿನಿಮಾಕ್ಕೆ ಏಕೆ ಬೇಕಾದರು? ಇದನ್ನು ನೀವು ಚೆನ್ನಾಗಿ ತಿಳಿಯಬೇಕು. ಸಂಗೀತ ನಿರ್ದೇಶಕರು ಸಾಮಾನ್ಯವಾಗಿ ಹಾರ್ಮೋನಿಯಂ ಮುಂದೆ ಕೂತು ರಾಗ ಹಾಡಿ ತೋರಿಸುತ್ತಿದ್ದರು. ನಮ್ಮ ಸಂಗೀತದಲ್ಲಿ ಒಂದೇ ಸ್ವರಧಾರೆ. ಅದರ ಕೆಳಗೆ ಕಾರ್ಡ್‌ಗಳು, ಅಂದರೆ ಒಟ್ಟಿಗೇ ನುಡಿಯುವ ಹಲವು ಸ್ವರಗಳು, ಇರುವುದಿಲ್ಲ. ಆದರೆ ಸ್ಟುಡಿಯೋದಲ್ಲಿ ಪಿಟೀಲು, ಸ್ಯಾಕ್ಸೊಫೋನ್, ಟ್ರಂಪೆಟ್, ಡ್ರಮ್ ಹಿಡಿದು ಹತ್ತಾರು ಮಂದಿ ಕಾಯುತ್ತಿದ್ದರು. ಯಾರು ಯಾವ ಸ್ವರ ನುಡಿಸಬೇಕು? ಪಲ್ಲವಿ ಮುಗಿದು ಚರಣ ಬರುವವರೆಗೆ ಏನು ಕೇಳಿಸಬೇಕು? ಇದನ್ನೆಲ್ಲ ನಿರ್ಧರಿಸಿ, ಪ್ರತಿಯೊಬ್ಬರ ಪಾಲನ್ನೂ ಕಾಗದದ ಮೇಲೆ ಬರೆದುಕೊಡುವವರೇ ಅರೇಂಜರ್. ಹಾಡುವವರೂ ನುಡಿಸುವವರೂ ಒಟ್ಟಿಗೇ ಕೂಡಿ ಧ್ವನಿಮುದ್ರಣ ಮಾಡುತ್ತಿದ್ದ ಕಾಲ ಅದು. ಒಬ್ಬರು ತಪ್ಪಿದರೂ ಎಲ್ಲರೂ ಮೊದಲಿನಿಂದ ಶುರುಮಾಡಬೇಕು. ಬರೆದದ್ದು ಕರಾರುವಾಕ್ಕಾಗಿ ಇರಲೇಬೇಕಿತ್ತು.

ಚಿಕ್ ಈ ಕೆಲಸವನ್ನು ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರಿಗೆ ಮಾಡಿಕೊಟ್ಟರು, ಇನ್ನೊಬ್ಬ ಸಂಗೀತ ನಿರ್ದೇಶಕ ಮದನ್ ಮೋಹನ್ ಅವರ ಜೊತೆಗೂ ದುಡಿದರು. ರಾಮಚಂದ್ರರ ಸಂಗೀತವಿದ್ದ, ಭಗವಾನ್ ದಾದಾ ಮತ್ತು ಗೀತಾ ಬಾಲಿ ನಟಿಸಿದ 1951ರ ‘ಅಲ್ಬೇಲಾ’ದಲ್ಲಿ ಆ ಜಾಜ್ ಕುಣಿತ ಎದ್ದು ಕೇಳಿಸುತ್ತದೆ. ಒಂದು ನೃತ್ಯದ ಹಾಡಿನಲ್ಲಂತೂ ಚಿಕ್ ತಮ್ಮ ತಂಡದೊಂದಿಗೆ ಪರದೆಯ ಮೇಲೇ ಬರುತ್ತಾರೆ. ಅದೇ ವರ್ಷ ‘ನಾದಾನ್’ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶಕರಾದರು. ಅದರಲ್ಲಿ ಗಾಯಕ ತಲತ್ ಮೆಹಮೂದ್ ಹಾಡಿದ ಮೆಲುದನಿಯ ಗೀತೆ ಕೇಳಿದರೆ, ಅಬ್ಬರದ ಟ್ರಂಪೆಟ್‌ಗಾರನ ಕೈಯಿಂದ ಇಷ್ಟು ಮೃದುವಾದ ಹಾಡು ಬಂತೇ ಎಂದು ನನಗೆ ಇಂದಿಗೂ ಅಚ್ಚರಿ.

1967ರಲ್ಲಿ, ಐವತ್ತು ದಾಟುವ ಹೊತ್ತಿಗೇ ಅವರು ತೀರಿಕೊಂಡರು. ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಅರೇಂಜರ್ ಹೆಸರೇ ಇರುತ್ತಿರಲಿಲ್ಲ. ಹಾಡಿನ ಕೀರ್ತಿ ಗಾಯಕರಿಗೆ, ಸಂಗೀತ ನಿರ್ದೇಶಕರಿಗೆ ಸಂದಿತು. ರಾತ್ರಿ ಹೋಟೆಲಿನಲ್ಲಿ ನುಡಿಸಿ ಹಗಲು ಸ್ಟುಡಿಯೋಕ್ಕೆ ಬರುತ್ತಿದ್ದವರು ಮರೆಯಲ್ಲೇ ಉಳಿದರು. ಇದು ಅನ್ಯಾಯವೆಂದೇ ನಾನು ಹೇಳುತ್ತೇನೆ.

ಈ ವಾರ ಅಜ್ಜಿ ತಾತನ ಜೊತೆ ಕೂತು ‘ಅಲ್ಬೇಲಾ’ದ ಹಾಡುಗಳನ್ನು ಕೇಳಿ. ಹಾಡುವವರ ದನಿ ನಿಂತಾಗ ಟ್ರಂಪೆಟ್ ಏನು ಹೇಳುತ್ತದೆ ಎಂಬುದಕ್ಕೆ ಕಿವಿಗೊಡಿ. ಆಮೇಲೆ ಆ ತುಣುಕನ್ನು ನಿಮ್ಮ ವಾದ್ಯದಲ್ಲಿ ನುಡಿಸಲು ಕಲಿತು ನಮ್ಮ ಕೂಟದ ಮುಂದಿನ ಕಾರ್ಯಕ್ರಮಕ್ಕೆ ತನ್ನಿ, ವೇದಿಕೆ ನಿಮಗಾಗಿ ಇದೆ.