ನಂಬರ್‌ಗಳ ಶಾನುಭೋಗ: ಜಾನ್ ಪೋಸ್ಟೆಲ್

ಕಳೆದ ಸೆಮಿಸ್ಟರ್‌ನಲ್ಲಿ ನಾವು ಎಂಟು ಕಂಪ್ಯೂಟರ್‌ಗಳನ್ನು ಒಂದು ಸ್ವಿಚ್‌ಗೆ ಜೋಡಿಸಿ ಪುಟ್ಟ ನೆಟ್‌ವರ್ಕ್ ಮಾಡಿದ್ದೆವು. ಕೇಬಲ್ ಎಲ್ಲಾ ಸರಿಯಿತ್ತು, ದೀಪಗಳೂ ಮಿಣುಕುತ್ತಿದ್ದವು. ಆದರೂ ಎರಡು ಕಂಪ್ಯೂಟರ್‌ಗಳು ಒಮ್ಮೆ ಸಿಗೋದು, ಒಮ್ಮೆ ಮಾಯವಾಗೋದು. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯ್ತು, ಎರಡಕ್ಕೂ 10.0.0.5 ಅಂತ ಒಂದೇ ಐಪಿ ವಿಳಾಸ ಕೊಟ್ಟುಬಿಟ್ಟಿದ್ದೆವು. ಯಾವುದಕ್ಕೆ ಯಾವ ನಂಬರ್ ಅಂತ ನಮ್ಮಲ್ಲಿ ಒಬ್ಬರೂ ಬರೆದಿಟ್ಟಿರಲಿಲ್ಲ! ಎಂಟು ಕಂಪ್ಯೂಟರ್‌ಗೇ ಈ ಪಾಡಾದರೆ ಇಡೀ ಇಂಟರ್ನೆಟ್ಟಿನ ಗತಿ ಏನು? ಅಲ್ಲಿ ಬರೆದಿಟ್ಟವರು ಒಬ್ಬರಿದ್ದರು.

ಜಾನ್ ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ. ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ ಎಂಜಿನಿಯರಿಂಗ್ ಓದಿದರು. ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್. ಅದರ ಮೊದಲ ನೋಡ್ 1969ರಲ್ಲಿ ಅದೇ ಕ್ಯಾಂಪಸ್ಸಿಗೆ ಬಂದಾಗ, ಅಲ್ಲಿ ದುಡಿಯುತ್ತಿದ್ದ ವಿದ್ಯಾರ್ಥಿಗಳ ಗುಂಪಿನಲ್ಲಿ ಪೋಸ್ಟೆಲ್ ಕೂಡ ಇದ್ದರು. ಗೆಳೆಯ ಸ್ಟೀವ್ ಕ್ರಾಕರ್ ಆ ವರ್ಷ ಶುರು ಮಾಡಿದ ಆರ್‌ಎಫ್‌ಸಿ ಎಂಬ ತಾಂತ್ರಿಕ ಟಿಪ್ಪಣಿಗಳ ಸಂಪಾದನೆ ಮುಂದೆ ಇವರ ಹೆಗಲಿಗೆ ಬಿತ್ತು. ಕೊನೆಯವರೆಗೂ ಅದನ್ನು ಇಳಿಸಲಿಲ್ಲ.

1972ರ ಮೇ ತಿಂಗಳಲ್ಲಿ ಅವರೊಂದು ಚಿಕ್ಕ ಟಿಪ್ಪಣಿ ಬರೆದರು. ಯಾವ ಸೇವೆಗೆ ಯಾವ ನಂಬರ್ ಅನ್ನೋದನ್ನು ಒಬ್ಬರೇ ಹಂಚಬೇಕು, ಆ ಕೆಲಸ ನಾನೇ ಮಾಡ್ತೀನಿ ಅನ್ನೋದು ಅದರ ಸಾರ. ನಮ್ಮ ಊರುಗಳಲ್ಲಿ ಯಾರ ಹೊಲ ಯಾವ ಸರ್ವೆ ನಂಬರ್ ಅಂತ ಶಾನುಭೋಗರು ಲೆಕ್ಕ ಇಡುತ್ತಿದ್ದರಲ್ಲ, ಹಾಗೆ. 1977ರಿಂದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿ ಕೂತು ಅದೇ ಕೆಲಸ ಮುಂದುವರಿಸಿದರು. ಅದಕ್ಕೆ ಆಮೇಲೆ ಐಎಎನ್‌ಎ ಎಂಬ ಹೆಸರು ಬಂತು.

ಈಗ ನಿಮ್ಮ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್ಸ್ ತೆರೆದು ನೋಡಿ. ಐಪಿ ವಿಳಾಸದ ನಿಯಮಗಳಿರುವ 1981ರ ದಾಖಲೆಯ ಸಂಪಾದಕರು ಪೋಸ್ಟೆಲ್. 255.255.255.0 ಅಂತ ತುಂಬುತ್ತೇವಲ್ಲ, ಆ ಸಬ್‌ನೆಟ್ ಮಾಸ್ಕಿನ ವಿಧಾನವನ್ನು 1985ರಲ್ಲಿ ಜೆಫ್ ಮೋಗಲ್ ಜೊತೆ ಬರೆದವರೂ ಇವರೇ. ಸಂಪರ್ಕ ಇದೆಯಾ ಅಂತ ಪಿಂಗ್ ಮಾಡ್ತೀವಿ, ಅದರ ಹಿಂದಿನ ಐಸಿಎಂಪಿ ಕೂಡ ಇವರದ್ದೇ. ನಾವು ಎಡವಟ್ಟು ಮಾಡಿದ ಆ 10 ಇದೆಯಲ್ಲ, ಅದು ಇವರ ಪಟ್ಟಿಯಲ್ಲಿ ಅರ್ಪಾನೆಟ್‌ಗೆ ಕೊಟ್ಟಿದ್ದ ನಂಬರ್. 1990ರಲ್ಲಿ ಅರ್ಪಾನೆಟ್ ಮುಚ್ಚಿತು. ಆಮೇಲೆ ಅದು ನಮ್ಮಂಥವರ ಖಾಸಗಿ ನೆಟ್‌ವರ್ಕ್‌ಗಳ ಪಾಲಿಗೆ ಬಂತು.

ಆದರೆ ಪುಸ್ತಕ ಯಾರ ಕೈಯಲ್ಲಿದೆಯೋ ಅಧಿಕಾರವೂ ಅವರ ಕೈಯಲ್ಲೇ. 1998ರ ಜನವರಿ 28ರಂದು ಅದು ಜಗತ್ತಿಗೆ ಗೊತ್ತಾಯ್ತು. ಹೆಸರುಗಳನ್ನು ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್‌ಗೆ ಆಗ 13 ಮೂಲ ಸರ್ವರ್‌ಗಳು. ಮುಖ್ಯ ಸರ್ವರ್ ಅಮೆರಿಕ ಸರ್ಕಾರದ ಗುತ್ತಿಗೆ ಪಡೆದ ಕಂಪನಿಯ ಬಳಿ ಇತ್ತು. ಅದರ ಬದಲು ನನ್ನ ಸರ್ವರಿನಿಂದ ಪಟ್ಟಿ ತಗೊಳ್ಳಿ ಅಂತ ಪೋಸ್ಟೆಲ್ ಮಿಕ್ಕವರಲ್ಲಿ ಕೆಲವರಿಗೆ ಒಂದು ಇಮೇಲ್ ಕಳಿಸಿದರು. 12ರಲ್ಲಿ 8 ಸರ್ವರ್‌ಗಳನ್ನು ನಡೆಸುವವರು ಹಾಗೇ ಮಾಡಿದರು. ಬಳಸುವವರಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ, ಆದರೆ ಸರ್ಕಾರ ಸಿಟ್ಟಾಯಿತು. ಇದು ಬರೀ ಪರೀಕ್ಷೆ ಅಂತ ಹೇಳಿ ಪೋಸ್ಟೆಲ್ ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು.

ಅವರು ಮಾಡಿದ್ದು ಸರಿಯಾ ತಪ್ಪಾ? ನಮ್ಮ ಸಂಘದಲ್ಲೂ ಈ ಬಗ್ಗೆ ಜಗಳ ಆಗಿದೆ. ಒಂದು ಮಾತಿಗೆ ಮಾತ್ರ ಎಲ್ಲರೂ ಒಪ್ಪಿದೆವು. ಆ ಎಂಟು ಸರ್ವರ್‌ಗಳು ತಿರುಗಿದ್ದು ಯಾವ ಕಾನೂನಿನ ಬಲದಿಂದಲೂ ಅಲ್ಲ, ಇಪ್ಪತ್ತೈದು ವರ್ಷ ಲೆಕ್ಕ ಸರಿಯಾಗಿ ಇಟ್ಟವರ ಮೇಲಿನ ನಂಬಿಕೆಯಿಂದ. ಆದರೆ ಇಡೀ ಜಗತ್ತಿನ ಲೆಕ್ಕ ಒಬ್ಬರ ನಂಬಿಕೆಯ ಮೇಲೆ ಎಷ್ಟು ದಿನ ನಿಂತೀತು? ಇದು ಪೋಸ್ಟೆಲ್‌ಗೂ ಗೊತ್ತಿತ್ತು. ಈ ಹೊಣೆ ಹೊರಲೆಂದು ಐಕ್ಯಾನ್ ಎಂಬ ಸಂಸ್ಥೆ ಕಟ್ಟುವುದರಲ್ಲಿ ಅವರೇ ಮುಂದಿದ್ದರು. 1998ರ ಸೆಪ್ಟೆಂಬರಿನಲ್ಲಿ ಅದು ಹುಟ್ಟಿತು. ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಗಳಿಂದ ಪೋಸ್ಟೆಲ್ ತೀರಿಕೊಂಡರು. ಆಗ ಅವರಿಗೆ ಬರೀ 55 ವರ್ಷ.

ನಮ್ಮ ಲ್ಯಾಬಿನ ಬಾಗಿಲ ಹಿಂದೆ ಈಗ ಒಂದು ಹಾಳೆ ಅಂಟಿಸಿದ್ದೇವೆ. ಕಂಪ್ಯೂಟರಿನ ಹೆಸರು, ಅದರ ಐಪಿ, ಕೊಟ್ಟವರು ಯಾರು, ಕೊಟ್ಟಿದ್ದು ಯಾವತ್ತು, ಎಲ್ಲಾ ಅದರಲ್ಲಿದೆ. ಹೊಸ ಕಂಪ್ಯೂಟರ್ ಜೋಡಿಸುವವರು ಮೊದಲು ಆ ಹಾಳೆ ನೋಡಿ, ಅದರಲ್ಲಿ ಬರೆದು, ಆಮೇಲೆ ನಂಬರ್ ಹಾಕಿ.