ರೋಗಕ್ಕೆ ಬೇಲಿ, ರೋಗಿಗೆ ಬಾಗಿಲು: ಫಾದರ್ ಮುಲ್ಲರ್ ಜೀವನ

ನವೆಂಬರ್ 1 ಸಕಲ ಸಂತರ ಹಬ್ಬ; ಮರುದಿನ ಅಗಲಿದವರೆಲ್ಲರ ಸ್ಮರಣೆ. ಹಿರಿಯರ ಸಮಾಧಿಗಳ ಬಳಿ ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸುವ ಈ ದಿನಗಳಲ್ಲಿ ನೆನೆಯಬೇಕಾದ ಗುರುವೊಬ್ಬರಿದ್ದಾರೆ. 1910ರ ಸಕಲ ಸಂತರ ಹಬ್ಬದಂದೇ ಅವರು ಮಂಗಳೂರಿನಲ್ಲಿ ಇಹಲೋಕ ತ್ಯಜಿಸಿದರು. ಅವರೇ ಕಂಕನಾಡಿಯ ಆಸ್ಪತ್ರೆಗೆ ತಮ್ಮ ಹೆಸರನ್ನು ಉಳಿಸಿಹೋದ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್.

ಮಂಗಳೂರಿನ ಗುರುವಿಗೂ ಗವಿಪುರದ ನಮಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಗವಿಪುರದಿಂದ ಬಸವನಗುಡಿಯ ಕಡೆಗೆ ನಡೆದು ಹೋದರೆ ಉತ್ತರ ಕಣ್ಣಿಗೇ ಬೀಳುತ್ತದೆ. ಅಲ್ಲಿಯ ನೇರವಾದ ಅಗಲ ಬೀದಿಗಳು ಕೇವಲ ಅಂದಕ್ಕಾಗಿ ಹುಟ್ಟಿದವಲ್ಲ. 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಯಲ್ಲಿ ಸಾವಿರಾರು ಮಂದಿ ಸತ್ತರು. ಆ ಪೆಟ್ಟಿನ ನಂತರವೇ ಗಾಳಿ, ಬೆಳಕು, ಚರಂಡಿಗಳಿಗೆ ಅನುವು ಮಾಡಿಕೊಟ್ಟು ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳನ್ನು ಬೆಳೆಸಲಾಯಿತು. ಅದೇ ವ್ಯಾಧಿ ಮಂಗಳೂರಿಗೆ ಬಂದಾಗ ಅದನ್ನು ಎದುರಿಸಿ ನಿಂತವರಲ್ಲಿ ಫಾದರ್ ಮುಲ್ಲರ್ ಪ್ರಮುಖರು.

ಅವರು ಹುಟ್ಟಿದ್ದು 1841ರಲ್ಲಿ, ಜರ್ಮನಿಯ ವೆಸ್ಟ್‌ಫಾಲಿಯ ಪ್ರಾಂತದಲ್ಲಿ. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಯೇಸುಸಭೆಯ ಮೊದಲ ಗುರುಗಳ ತಂಡದಲ್ಲಿ ಅವರೂ ಒಬ್ಬರು. 1880ರಲ್ಲಿ ಆ ಗುರುಗಳು ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಮುಲ್ಲರ್ ವೈದ್ಯ ಪದವೀಧರರಲ್ಲ. ಹೋಮಿಯೋಪತಿಯನ್ನು ತಾವಾಗಿ ಕಲಿತಿದ್ದರು. ಅದೇ ವರ್ಷ ಅವರು ಬಡವರಿಗೆ ಔಷಧ ಕೊಡಲು ತೊಡಗಿದರು. ಆಲದ ಮರದ ನೆರಳೇ ಅವರ ಮೊದಲ ಔಷಧಾಲಯವಾಗಿತ್ತೆಂದು ಕರಾವಳಿಯ ಹಿರಿಯರು ಹೇಳುತ್ತ ಬಂದಿದ್ದಾರೆ. ಅವರು ತಯಾರಿಸಿದ ಔಷಧಗಳು ಅಂಚೆಯ ಮೂಲಕ ದೂರದೂರದ ಊರುಗಳಿಗೆ ಹೋದವು. ಬಂದ ಹಣ ಬಡರೋಗಿಗಳಿಗೆ ಸಂದಿತು.

ಹೀಗೆ ಬರುತ್ತಿದ್ದ ರೋಗಿಗಳ ನಡುವೆ ಕುಷ್ಠರೋಗಿಗಳೂ ಇದ್ದರು. ಆ ಕಾಲದಲ್ಲಿ ಕುಷ್ಠವೆಂದರೆ ಬದುಕಿರುವಾಗಲೇ ಬರುವ ಮರಣ. ಹಳೆಯ ಒಡಂಬಡಿಕೆಯ ಕಾಲದಂತೆ ರೋಗಿಯನ್ನು ಊರಾಚೆಗೆ ಕಳುಹಿಸಿ ಜನ ಮರೆತುಬಿಡುತ್ತಿದ್ದರು. ಹವಾಯಿ ದ್ವೀಪಗಳಲ್ಲಿ ಕುಷ್ಠರೋಗಿಗಳ ನಡುವೆ ಬಾಳಿ, ಅದೇ ರೋಗಕ್ಕೆ ತುತ್ತಾದ ಫಾದರ್ ದಾಮಿಯನ್ ತೀರಿಕೊಂಡದ್ದು 1889ರಲ್ಲಿ. ಮರುವರ್ಷವೇ, 1890ರಲ್ಲಿ, ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗಾಗಿ ಒಂದು ಆಶ್ರಯವನ್ನು ತೆರೆದರು. ಅದೂ ಪ್ರತ್ಯೇಕವಾದ ಮನೆಯೇ. ಆದರೆ ಅಲ್ಲಿ ಊಟವಿತ್ತು, ಗಾಯ ತೊಳೆಯುವ ಕೈಗಳಿದ್ದವು, ಹೆಸರು ಹಿಡಿದು ಕರೆಯುವವರಿದ್ದರು. ಪ್ರತ್ಯೇಕಿಸುವುದು ಬೇರೆ, ಪರಿತ್ಯಜಿಸುವುದು ಬೇರೆ. ಈ ವ್ಯತ್ಯಾಸವೇ ಅವರ ಜೀವನದ ತಿರುಳು.

1902ರಲ್ಲಿ ಮಂಗಳೂರಿಗೆ ಪ್ಲೇಗು ಬಂದಾಗ ಅವರು ಆ ರೋಗಿಗಳಿಗೆಂದೇ ಒಂದು ಆಸ್ಪತ್ರೆಯನ್ನು ತೆರೆದರು. ಜ್ವರ ಏರಿ, ಕಂಕುಳಲ್ಲಿ, ತೊಡೆಸಂದಿನಲ್ಲಿ ಗಡ್ಡೆ ಕಾಣಿಸಿಕೊಂಡರೆ ಮನೆಯವರೇ ನಡುಗುತ್ತಿದ್ದ ಕಾಲವದು. ಅಧಿಕಾರಿಗಳ ಭಯಕ್ಕೆ ರೋಗಿಯನ್ನು ಮನೆಯೊಳಗೆ ಬಚ್ಚಿಡುವವರಿದ್ದರು. ರೋಗದ ಭಯಕ್ಕೆ ರೋಗಿಯನ್ನು ಬಿಟ್ಟು ಓಡುವವರೂ ಇದ್ದರು. ಈ ಎರಡು ಭಯಗಳಿಂದಲೂ ವ್ಯಾಧಿಗೆ ಅನುಕೂಲವೇ ಆಯಿತು. ಮುಲ್ಲರ್ ಗುರುಗಳ ಕಾಲೇಜಿಗೆ ಹೆಸರಿತ್ತ ಸಂತ ಅಲೋಶಿಯಸ್, 1591ರಲ್ಲಿ ರೋಮ್ ನಗರದ ವ್ಯಾಧಿಪೀಡಿತರನ್ನು ಹೊತ್ತು, ಉಪಚರಿಸಿ, ತಾವೇ ಸೋಂಕು ತಗುಲಿ 23ನೆಯ ವಯಸ್ಸಿನಲ್ಲಿ ಪ್ರಾಣ ಬಿಟ್ಟವರು. ಆ ಪರಂಪರೆಯ ಗುರುವಿಗೆ ಓಡಿಹೋಗುವ ದಾರಿ ಇರಲಿಲ್ಲ.

ಇಲ್ಲಿ ಒಂದು ಸತ್ಯವನ್ನು ಮರೆಮಾಚದೆ ಹೇಳಬೇಕು. ಫಾದರ್ ಮುಲ್ಲರ್ ಕೊಡುತ್ತಿದ್ದ ಗುಳಿಗೆಗಳಿಗೆ ಪ್ಲೇಗಿನ ಅಥವಾ ಕುಷ್ಠದ ರೋಗಾಣುವನ್ನು ಕೊಲ್ಲುವ ಶಕ್ತಿ ಇರಲಿಲ್ಲ. ಆ ಶಕ್ತಿಯುಳ್ಳ ಔಷಧಗಳು ಬಂದದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ. ಸಂತರ ಮೇಲಿನ ಅಭಿಮಾನಕ್ಕಾಗಿ ವಿಜ್ಞಾನವನ್ನು ತಿರುಚುವುದು ಸಂತರಿಗೂ ಸಲ್ಲದ ಸೇವೆ. ಅವರ ನಿಜವಾದ ಔಷಧ ಬೇರೆಯದು: ರೋಗಿಗೆ ಒಂದು ಹಾಸಿಗೆ, ನೀರು, ಆಹಾರ, ಶುಚಿತ್ವ ಮತ್ತು ಜೊತೆಗಿರುವ ಮನುಷ್ಯ.

ಸೋಂಕು ಹರಡುವುದಕ್ಕೆ ಮೂರು ಕೊಂಡಿಗಳು ಬೇಕು ಎಂದು ಇಂದು ದಾದಿಯರ ಶಾಲೆಯ ಮೊದಲ ತರಗತಿಯಲ್ಲೇ ಕಲಿಸುತ್ತಾರೆ. ರೋಗಾಣು ನೆಲೆಸಿರುವ ಮೂಲ ಒಂದು; ಅದು ಸಾಗುವ ದಾರಿ ಇನ್ನೊಂದು; ಅದನ್ನು ತಡೆಯಲಾರದ ದೇಹ ಮೂರನೆಯದು. ಯಾವುದಾದರೂ ಒಂದು ಕೊಂಡಿ ಕಳಚಿದರೆ ಸರಪಳಿ ತುಂಡಾಗುತ್ತದೆ. ಪ್ಲೇಗಿನ ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಗುರುತಿಸಿದರು. ಅದು ಇಲಿಯ ಮೈಮೇಲಿನ ಚಿಗಟದಿಂದ ಸಾಗುತ್ತದೆಂದು 1898ರಲ್ಲಿ ಕರಾಚಿಯಲ್ಲಿ ಸಿಮೊಂಡ್ ತೋರಿಸಿದರು. ಹಲವರು ಮೊದಲು ನಂಬಲಿಲ್ಲ. ರೋಗ ಶ್ವಾಸಕೋಶಕ್ಕೆ ಇಳಿದಾಗ ಮಾತ್ರ ಕೆಮ್ಮಿನ ಹನಿಗಳ ಮೂಲಕ ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ದಾಟುತ್ತದೆ. ಹೀಗಾಗಿ ಗಡ್ಡೆಯ ಪ್ಲೇಗಿನಲ್ಲಿ ದೂರವಿಡಬೇಕಾದದ್ದು ಮುಖ್ಯವಾಗಿ ಇಲಿ ಮತ್ತು ಚಿಗಟಗಳನ್ನು; ಜನ ದೂರವಿಟ್ಟದ್ದು ರೋಗಿಯನ್ನು. ಕುಷ್ಠದ ರೋಗಾಣುವನ್ನು 1873ರಲ್ಲೇ ನಾರ್ವೆಯ ಹ್ಯಾನ್ಸನ್ ಕಂಡಿದ್ದರು. ಅದು ಬಹು ನಿಧಾನವಾಗಿ ಹರಡುವಂಥದ್ದು. ಹೆಚ್ಚಿನವರ ದೇಹ ಅದನ್ನು ತಾನಾಗಿಯೇ ತಡೆಯುತ್ತದೆ. ಕೈಕುಲುಕಿದರೆ, ಪಕ್ಕದಲ್ಲಿ ಕುಳಿತರೆ ಬರುವುದಿಲ್ಲ. 1980ರ ದಶಕದಲ್ಲಿ ಬಂದ ಬಹುಔಷಧ ಚಿಕಿತ್ಸೆಯಿಂದ ಅದು ಪೂರ್ತಿ ಗುಣವಾಗುತ್ತದೆ.

ಆದರೂ ಮನಸ್ಸಿನ ಕುಷ್ಠ ವಾಸಿಯಾಗುವುದು ತಡ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿವಾಹ ವಿಚ್ಛೇದನ ಕಾಯಿದೆಯಲ್ಲಿ ಕುಷ್ಠರೋಗವೂ ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು. ಅದನ್ನು ತೆಗೆದುಹಾಕಿದ್ದು 2019ರಲ್ಲಿ! ತತ್ವಶಾಸ್ತ್ರದ ಹಳೆಯ ಪಾಠವೊಂದಿದೆ: ವಸ್ತುವಿನ ಸತ್ವವೇ ಬೇರೆ, ಅದಕ್ಕೆ ಬಂದು ಸೇರುವ ಗುಣಗಳೇ ಬೇರೆ. ರೋಗ ಬಂದು ಸೇರಿದ್ದು. ಮನುಷ್ಯನ ಸತ್ವ ದೇವರು ಕೊಟ್ಟದ್ದು. ಬಂದು ಸೇರಿದ್ದನ್ನೇ ಸತ್ವವೆಂದು ಬಗೆದಾಗ ಕುಷ್ಠವಿರುವ ಮನುಷ್ಯ ನಮ್ಮ ಕಣ್ಣಿಗೆ ಬರಿಯ ಕುಷ್ಠವಾಗಿಬಿಡುತ್ತಾನೆ. ಯೇಸುಸ್ವಾಮಿ ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದ್ದು ಈ ತಪ್ಪನ್ನು ತಿದ್ದಲೆಂದೇ.

2020 ಮತ್ತು 2021ರ ಕೋವಿಡ್ ದಿನಗಳನ್ನು ನಾವು ಕಂಡವರು. ಮುಖಗವಸು ಧರಿಸಿ, ದೂರ ನಿಂತು, ಕೈ ತೊಳೆದುಕೊಂಡೇ ನೆರೆಮನೆಯ ಬಾಗಿಲಿಗೆ ಊಟವಿಟ್ಟು ಬಂದವರಿದ್ದರು. ಗುಣಮುಖರಾಗಿ ಬಂದವರನ್ನೂ ಬೀದಿಗೆ ಸೇರಿಸದವರಿದ್ದರು. ಇವರಲ್ಲಿ ಯಾರು ಫಾದರ್ ಮುಲ್ಲರ್ ಅವರ ವಾರಸುದಾರರೆಂದು ಬೇರೆ ಹೇಳಬೇಕಿಲ್ಲ. ಎಚ್ಚರಿಕೆ ಪ್ರೀತಿಗೆ ವಿರೋಧಿಯಲ್ಲ. ಕೈ ತೊಳೆಯುವುದು ಅವಿಶ್ವಾಸವೂ ಅಲ್ಲ. ಒಬ್ಬರ ಹಾಸಿಗೆಯಿಂದ ಇನ್ನೊಬ್ಬರ ಹಾಸಿಗೆಗೆ ಹೋಗುವ ಮುನ್ನ ಕೈ ತೊಳೆಯುವ ದಾದಿ, ಎರಡನೆಯ ರೋಗಿಯನ್ನೂ ತನ್ನ ನೆರೆಯವನೆಂದು ಒಪ್ಪಿಕೊಂಡಿದ್ದಾಳೆ.

ಆಲದ ನೆರಳಿನ ಔಷಧಾಲಯ ಇಂದು ಮಂಗಳೂರು ಧರ್ಮಪ್ರಾಂತದ ಆಶ್ರಯದಲ್ಲಿ ದೊಡ್ಡ ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಾಗಿ ಬೆಳೆದಿದೆ. ನಮ್ಮ ಮನೆಗಳಿಂದಲೂ ಎಷ್ಟೋ ಹೆಣ್ಣುಮಕ್ಕಳು, ಗಂಡುಮಕ್ಕಳು ದಾದಿಯರ ತರಬೇತಿಗೆ ಹೋಗುತ್ತಿದ್ದಾರೆ. ಈ ನವೆಂಬರ್ ತಿಂಗಳಲ್ಲಿ ಅಗಲಿದವರಿಗಾಗಿ ಪ್ರಾರ್ಥಿಸುವಾಗ, ಆ ಮಕ್ಕಳಿಗಾಗಿಯೂ ಒಂದು ಪ್ರಾರ್ಥನೆ ಸಲ್ಲಿಸೋಣ. ಮನೆಯಲ್ಲೋ ಬೀದಿಯಲ್ಲೋ ಒಬ್ಬರು ಕಾಯಿಲೆ ಬಿದ್ದಾಗ ರೋಗಕ್ಕೆ ಬೇಲಿ ಕಟ್ಟೋಣ, ರೋಗಿಗೆ ಬಾಗಿಲು ತೆರೆದಿಡೋಣ.