ವೈದ್ಯ ಮೈಮೋನಿಡೀಸ್

ಮೋಸೆಸ್ ಮೈಮೋನಿಡೀಸನು 1138ರ ಸುಮಾರಿಗೆ ಸ್ಪೇನ್ ದೇಶದ ಕಾರ್ಡೋವಾ ನಗರದಲ್ಲಿ ಜನಿಸಿದನು. ತಂದೆ ಮೈಮೋನ್ ಯೆಹೂದ್ಯರ ನ್ಯಾಯಾಧೀಶ. ಮಗನಿಗೆ ಅವನೇ ಗುರು. ಆ ನಾಡು ಆಗ ಮುಸ್ಲಿಂ ಅರಸರ ಆಳ್ವಿಕೆಯಲ್ಲಿತ್ತು.

ಅಂದಿನ ಮುಸ್ಲಿಂ ರಾಜ್ಯಗಳ ಯೆಹೂದ್ಯರನ್ನೂ ಕ್ರೈಸ್ತರನ್ನೂ ‘ಧಿಮ್ಮಿ’ಗಳೆಂದು, ಎಂದರೆ ರಕ್ಷಿತರೆಂದು, ಕರೆಯುತ್ತಿದ್ದರು. ಜಿಜಿಯಾ ಎಂಬ ತಲೆಗಂದಾಯವನ್ನು ತೆತ್ತವರಿಗೆ ಪ್ರಾಣ, ಆಸ್ತಿ, ಆರಾಧನೆಗಳ ರಕ್ಷಣೆ ದೊರೆಯುತ್ತಿತ್ತು. ಆದರೆ ಅದು ಸಮಾನತೆಯಲ್ಲ. ಕುದುರೆಯೇರುವುದು, ಆಯುಧ ಧರಿಸುವುದು, ಹೊಸ ಆರಾಧನಾ ಮಂದಿರವನ್ನು ಕಟ್ಟುವುದು ಅವರಿಗೆ ನಿಷಿದ್ಧ. ಉಡುಪಿನಲ್ಲಿಯೂ ಬೇರೆ ಗುರುತಿರಬೇಕು. ಈ ನಿಯಮಗಳನ್ನು ಕೆಲವು ಅರಸರು ಬಿಗಿಯಾಗಿ ಜಾರಿಗೊಳಿಸಿದರು. ಅನೇಕರು ಕಂಡೂ ಕಾಣದಂತಿದ್ದರು.

1148ರಲ್ಲಿ ಉತ್ತರ ಆಫ್ರಿಕದ ಆಲ್ಮೊಹದರು ಕಾರ್ಡೋವಾವನ್ನು ಗೆದ್ದರು. ಅವರು ಧಿಮ್ಮಿಗಳಿಗಿದ್ದ ರಕ್ಷಣೆಯನ್ನೇ ತೆಗೆದುಹಾಕಿದರು. ಮತಾಂತರ, ದೇಶತ್ಯಾಗ, ಇಲ್ಲವೆ ಮರಣ, ಬೇರೆ ದಾರಿಯಿರಲಿಲ್ಲ. ಮೈಮೋನನ ಕುಟುಂಬವು ಹಲವು ವರ್ಷ ಅಲೆದು, 1160ರ ಸುಮಾರಿಗೆ ಮೊರಾಕ್ಕೋದ ಫೆಜ್ ನಗರವನ್ನು ಸೇರಿತು. ಅದೂ ಆಲ್ಮೊಹದರ ನಗರವೇ ಎಂಬುದು ಸೋಜಿಗ! ಜೀವಭಯದಿಂದ ಬಾಯಿಮಾತಿನಲ್ಲಿ ಇಸ್ಲಾಮನ್ನು ಒಪ್ಪಿದ ಯೆಹೂದ್ಯರು ಧರ್ಮಭ್ರಷ್ಟರೆಂದು ಒಬ್ಬ ಪಂಡಿತನು ಸಾರಿದ್ದನು. ತರುಣ ಮೈಮೋನಿಡೀಸನು ಪತ್ರವೊಂದನ್ನು ಬರೆದು ಅದನ್ನು ಖಂಡಿಸಿದನು. ಅಂಥವರ ಗುಟ್ಟಿನ ಪ್ರಾರ್ಥನೆಯೂ ವ್ಯರ್ಥವಲ್ಲ, ಆದರೆ ಸಾಧ್ಯವಾದೊಡನೆ ಅವರು ಆ ನಾಡನ್ನು ತೊರೆಯಬೇಕು ಎಂಬುದು ಅವನ ಅಭಿಪ್ರಾಯ. 1165ರಲ್ಲಿ ಅವನೂ ಹೊರಟನು. ಪ್ಯಾಲೆಸ್ಟೈನಿನ ಮಾರ್ಗವಾಗಿ ಈಜಿಪ್ಟಿನ ಫುಸ್ತಾತ್ ನಗರದಲ್ಲಿ ನೆಲೆಸಿದನು.

ಅಲ್ಲಿ ಧಿಮ್ಮಿಗಳಿಗೆ ರಕ್ಷಣೆಯಿತ್ತು. ಆದರೆ ದುಃಖವು ಬೇರೆ ರೂಪದಲ್ಲಿ ಬಂದಿತು. ವ್ಯಾಪಾರದಿಂದ ಮನೆಯನ್ನು ಸಲಹುತ್ತಿದ್ದ ತಮ್ಮ ಡೇವಿಡನು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತನು. ಮೈಮೋನಿಡೀಸನು ಸುಮಾರು ಒಂದು ವರ್ಷ ಹಾಸಿಗೆ ಹಿಡಿದನು. ಬಳಿಕ ವೈದ್ಯವೃತ್ತಿಯೇ ಜೀವನಾಧಾರವಾಯಿತು. ಸುಲ್ತಾನ ಸಲಾದಿನ್ನನ ಮಂತ್ರಿ ಅಲ್-ಫಾದಿಲನು ಅವನಿಗೆ ಆಶ್ರಯದಾತನಾದನು. ಪ್ರತಿದಿನ ಬೆಳಗ್ಗೆ ಕೈರೋದ ಅರಮನೆಗೆ ಹೋಗಿ, ಮಧ್ಯಾಹ್ನ ಹಸಿದು ಮರಳುವ ವೇಳೆಗೆ ಮನೆಯ ತುಂಬ ಯೆಹೂದ್ಯ, ಮುಸ್ಲಿಂ ರೋಗಿಗಳು ಕಾದಿರುತ್ತಿದ್ದರು. ಈ ದುಡಿಮೆಯ ನಡುವೆಯೇ ಅವನು ತತ್ತ್ವಶಾಸ್ತ್ರದ ಮಹಾಗ್ರಂಥವೊಂದನ್ನು ಅರಬ್ಬೀ ಭಾಷೆಯಲ್ಲಿ, ಹೀಬ್ರೂ ಲಿಪಿಯಲ್ಲಿ ರಚಿಸಿದನು.

ಮುಪ್ಪಿನಲ್ಲಿ ಹಳೆಯ ಭಯವೊಂದು ಮತ್ತೆ ಬಾಗಿಲಿಗೆ ಬಂದಿತೆಂದು ಇತಿಹಾಸಕಾರ ಇಬ್ನ್ ಅಲ್-ಕಿಫ್ತಿ ಬರೆದಿದ್ದಾನೆ. ಸ್ಪೇನಿನಿಂದ ಬಂದವನೊಬ್ಬನು, ಮೈಮೋನಿಡೀಸನು ಅಲ್ಲಿ ಮುಸ್ಲಿಮನಾಗಿದ್ದು ಈಗ ಮತವನ್ನು ಬಿಟ್ಟಿದ್ದಾನೆಂದು ದೂರಿತ್ತನಂತೆ. ದೂರು ರುಜುವಾತಾದರೆ ಮರಣದಂಡನೆ. ಬಲಾತ್ಕಾರದ ಮತಾಂತರವು ಮತಾಂತರವೇ ಅಲ್ಲವೆಂದು ತೀರ್ಪಿತ್ತು ಅಲ್-ಫಾದಿಲನು ಅವನನ್ನು ಉಳಿಸಿದನು. ಅವನು ನಿಜವಾಗಿ ಮತಾಂತರಗೊಂಡಿದ್ದನೇ ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. 1204ರಲ್ಲಿ ಮೈಮೋನಿಡೀಸನು ಫುಸ್ತಾತಿನಲ್ಲಿ ನಿಧನನಾದನು.